ಭಾರದ ತೋಳು, ಮೆತ್ತನೆಯ ಮುಳ್ಳು

ಆ ರೆಕಾರ್ಡ್ ಪ್ಲೇಯರ್ ನಮ್ಮ ಮನೆಗೆ ಬಂದದ್ದು ಶಿರಾದಿಂದ, ಲಗೇಜ್ ಆಟೋದಲ್ಲಿ, ಹಳೆಯ ಶಾಮಿಯಾನದ ತುಂಡೊಂದನ್ನು ಸುತ್ತಿಕೊಂಡು. ಕಳಿಸಿದವನು ನನ್ನ ಕಾಲೇಜು ದಿನಗಳ ಸ್ನೇಹಿತ. ಅವನ ತಂದೆ ಶಿರಾದಲ್ಲಿ ಮೈಕ್ ಸೆಟ್ ಅಂಗಡಿ ನಡೆಸುತ್ತಿದ್ದರು. ಸುತ್ತಮುತ್ತಲ ಊರುಗಳ ಮದುವೆಗಳಿಗೆ, ಉರುಸಿಗೆ, ನಾಟಕಕ್ಕೆ ಅವರದೇ ಹಾರ್ನು, ಅವರದೇ ಹಾಡಿನ ಪ್ಲೇಟು. ಈಗ ಅಂಗಡಿಯನ್ನು ನೋಡಿಕೊಳ್ಳುವವನು ಮಗ. ಶಾಮಿಯಾನ, ಕುರ್ಚಿ, ಲೈಟು ಬಾಡಿಗೆಗೆ ಕೊಡುತ್ತಾನೆ. ಹಾಡು ಮೊಬೈಲಿನಿಂದ ಬರುತ್ತದೆ.

"ಗೋಡೌನ್ ಖಾಲಿ ಮಾಡ್ತಾ ಇದೀನಿ ಮೇಷ್ಟ್ರೇ," ಎಂದಿದ್ದ ಫೋನಿನಲ್ಲಿ. ನಾನು ಕೊರಟಗೆರೆಯ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವನಾದ್ದರಿಂದ ಅವನ ಬಾಯಲ್ಲಿ ಎಂದೋ ಮೇಷ್ಟ್ರಾಗಿಬಿಟ್ಟಿದ್ದೇನೆ. "ಇದನ್ನ ಗುಜರಿಗೆ ಹಾಕಕ್ಕೆ ದಿಲ್ ಬರ್ತಿಲ್ಲ. ನಿನ್ ಮನೇಲಿ ಇರ್ಲಿ. ಪ್ಲೇಟುಗಳ್ನೂ ಕಳಿಸ್ತೀನಿ. ಗೋಡೌನಿನ ತಗಡಿನ ಬಿಸಿಗೆ ಸ್ವಲ್ಪ ಸೊಟ್ಟಗಾಗವೆ, ಪರವಾಗಿಲ್ಲ ಅಲ್ವಾ?"

ಪರವಾಗಿಲ್ಲ ಎಂದೆ. ಪ್ಲೇಟು ಸೊಟ್ಟಗಾದರೆ ಏನಾಗುತ್ತದೆಂದು ನನಗೆ ಆಗ ಗೊತ್ತಿರಲಿಲ್ಲ.

ಯಂತ್ರವೇನೋ ಭದ್ರವಾಗಿತ್ತು. ಕಬ್ಬಿಣದ ತಟ್ಟೆ, ಹಾವಿನಂತೆ ಬಾಗಿದ ದಪ್ಪನೆಯ ಲೋಹದ ತೋಳು, ತೋಳಿನ ತುದಿಯಲ್ಲಿ ತಿರುಗಿಸಿ ಬಿಚ್ಚಬಹುದಾದ ಒಂದು ತಲೆ. ಆ ತಲೆಯ ಕೆಳಗೆ ಹೆಬ್ಬೆರಳ ತುದಿಯಷ್ಟು ದೊಡ್ಡ ಡಬ್ಬಿಯೊಂದು ಕೂರಬೇಕು. ಅದನ್ನು ಕಾರ್ಟ್ರಿಡ್ಜ್ ಎನ್ನುತ್ತಾರೆ. ಅದರ ಹೊಟ್ಟೆಯಿಂದ ಇಳಿದ ಮುಳ್ಳು ಪ್ಲೇಟಿನ ಗೀರುಗಳಲ್ಲಿ ಓಡುತ್ತಾ ಅಲುಗುತ್ತದೆ, ಆ ಅಲುಗಾಟವೇ ಕರೆಂಟಾಗಿ ಆಂಪ್ಲಿಫೈಯರಿಗೆ ಹೋಗಿ ಹಾಡಾಗುತ್ತದೆ. ನಮ್ಮ ಯಂತ್ರದಲ್ಲಿ ಆ ಡಬ್ಬಿಯೇ ಇರಲಿಲ್ಲ. ಮೊಬೈಲಿನಲ್ಲಿ ಹುಡುಕಿ, ಎಲ್ಲರೂ ಬಹಳ ಹೊಗಳಿದ್ದ ಒಂದನ್ನು ತರಿಸಿದೆ. ಅದರ ಮುಳ್ಳು ತುಂಬಾ ಮೃದುವಾಗಿ ಓಡುತ್ತದೆ ಎಂದು ಬರೆದಿತ್ತು. ಮೃದು ಎಂದರೆ ಒಳ್ಳೆಯದೇ ಇರಬೇಕು ಎಂದುಕೊಂಡೆ. ಅದು ಯಾವ ತೋಳಿಗೆ ಎಂಬ ಪ್ರಶ್ನೆ ಇದೆಯೆಂದೇ ನನಗೆ ಹೊಳೆದಿರಲಿಲ್ಲ.

ಮಧುಗಿರಿಯ ನಮ್ಮ ಮನೆಯಲ್ಲಿರುವುದು ನಾನು ಮತ್ತು ನನ್ನ ಅಕ್ಕ. ಭಾವ ತೀರಿಕೊಂಡ ಮೇಲೆ ಅಕ್ಕ ತನ್ನ ಹೊಲಿಗೆ ಮೆಷಿನ್ನಿನೊಂದಿಗೆ ಇಲ್ಲಿಗೆ ಬಂದಳು. ಬೀದಿಗೆ ತೆರೆದ ಮುಂದಿನ ಕೋಣೆಯೇ ಅವಳ ಅಂಗಡಿ. ರವಿಕೆ ಹೊಲಿಯುವುದರಲ್ಲಿ ಅವಳಿಗೆ ಹೆಸರಿದೆ, ಮಿಡಿಗೇಶಿಯಿಂದಲೂ ಜನ ಬರುತ್ತಾರೆ. ಕೆಲವು ವರ್ಷಗಳಿಂದ ಅವಳ ಕಿವಿ ಮಂದವಾಗುತ್ತಾ ಬಂದಿದೆ. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಾಳೆ. ಕಿವಿಗೆ ಹಾಕುವ ಮೆಷಿನ್ನು ಕೊಡಿಸಿದ್ದೆ. ಅದು ಕುಂಯ್ ಎನ್ನುತ್ತದೆಂದು ಗುಂಡಿಗಳ ಡಬ್ಬಿಯಲ್ಲಿ ಹಾಕಿಟ್ಟಿದ್ದಾಳೆ.

ಹಾಗಾಗಿ ಪ್ಲೇಯರನ್ನು ಆ ಕೋಣೆಯಲ್ಲಿ ಜೋಡಿಸುವಾಗ ನನಗೆ ಸ್ವಲ್ಪ ಮುಜುಗರವಾಯಿತು. ಜೊತೆಗೇ ಬಂದಿದ್ದ ಆಂಪ್ಲಿಫೈಯರು, ಎರಡು ದೊಡ್ಡ ಸ್ಪೀಕರುಗಳಿಗೆ ಜಾಗವಿದ್ದದ್ದು ಅಲ್ಲಿ ಮಾತ್ರ. ಅಕ್ಕ ಕತ್ತರಿಸುವ ಮೇಜಿನ ಒಂದು ಬದಿಯನ್ನು ಬಿಟ್ಟುಕೊಟ್ಟಳು. ಅವಳಿಗೆ ಕೇಳಿಸದ ಹಾಡನ್ನು ಅವಳ ಎದುರಿಗೇ ಕೂತು ಕೇಳುವುದು ಹೇಗೆ? ಅವಳು ಪೇಟೆಗೆ ಹೋದಾಗ ಮಾತ್ರ ಹಾಕುತ್ತಿದ್ದೆ. ಇನ್ನೊಂದು ಕಾರಣವೂ ಇತ್ತು. ಅವಳು ಮೆಷಿನ್ ತುಳಿಯತೊಡಗಿದರೆ ಪ್ಲೇಯರಿನ ಮುಳ್ಳು ಎಗರಿ, ಹಾಡು ಎಲ್ಲಿಂದೆಲ್ಲಿಗೋ ಹೋಗಿಬಿಡುತ್ತಿತ್ತು.

ಒಂದು ಭಾನುವಾರ ಅಕ್ಕ ಸ್ಪೀಕರುಗಳ ಮುಂದಿನ ಬಟ್ಟೆಯನ್ನು ನೋಡಿ ಮುಖ ಸಿಂಡರಿಸಿದಳು. ಇಲಿ ಕಡಿದು ತೂತಾಗಿತ್ತು. "ತೆಗ್ದು ಕೊಡು, ಬೇರೆ ಹೊಲ್ದು ಹಾಕ್ತೀನಿ" ಎಂದಳು. ಚೌಕಟ್ಟು ಬಿಚ್ಚಿಕೊಟ್ಟೆ. ಒಳಗಿದ್ದ ಕಪ್ಪು ಕಾಗದದ ದೊಡ್ಡ ಬಟ್ಟಲು ಮೊದಲ ಸಲ ಹೊರಗೆ ಕಾಣಿಸಿತು. ಅವಳು ಬಟ್ಟೆ ಅಳೆಯುತ್ತಿದ್ದಾಗ ನಾನು ಸಣ್ಣ ದನಿಯಲ್ಲಿ ಶಹನಾಯಿಯ ಪ್ಲೇಟೊಂದನ್ನು ಹಾಕಿದೆ. ಶಹನಾಯಿ ಇನ್ನೂ ಶುರುವಾಗಿರಲಿಲ್ಲ, ಮುಳ್ಳು ಅಂಚಿನ ಖಾಲಿ ಗೀರಿನಲ್ಲೇ ಓಡುತ್ತಿತ್ತು.

"ಲೇ," ಎಂದಳು ಅಕ್ಕ, ಟೇಪು ಕೈಯಲ್ಲಿ ಹಿಡಿದುಕೊಂಡೇ. "ಇದ್ಯಾಕ್ಲಾ ಉಸಿರಾಡ್ತೈತೆ?"

ನೋಡಿದೆ. ಕಪ್ಪು ಬಟ್ಟಲು ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು. ಓಡಿ ಬಂದ ನಾಯಿಯ ಹೊಟ್ಟೆಯಂತೆ. ನನ್ನ ಕಿವಿಗೆ ಮಾತ್ರ ಏನೂ ಕೇಳಿಸುತ್ತಿರಲಿಲ್ಲ.

"ಹಾಡು ಬತ್ತಾ ಐತಾ?" ಎಂದು ಕೇಳಿದಳು.

"ಇಲ್ಲ," ಎಂದು ತಲೆಯಾಡಿಸಿದೆ.

"ಮತ್ತೆ ಯಾಕೆ ಕುಣೀತೈತೆ?"

ಶಹನಾಯಿ ಶುರುವಾದ ಮೇಲೆಯೂ ಬಟ್ಟಲು ಹಾಗೆಯೇ ಉಸಿರಾಡುತ್ತಿತ್ತು. ಶಹನಾಯಿಗೂ ಆ ಉಸಿರಿಗೂ ಯಾವ ಸಂಬಂಧವೂ ಇದ್ದಂತಿರಲಿಲ್ಲ. ಅಕ್ಕ ಹತ್ತಿರ ಹೋಗಿ ಅಂಗೈಯನ್ನು ಬಟ್ಟಲಿನ ಮುಂದೆ, ಮುಟ್ಟೀಮುಟ್ಟದಂತೆ ಹಿಡಿದಳು. ಬಹಳ ಹೊತ್ತು ಹಾಗೇ ನಿಂತಿದ್ದಳು. ಆಮೇಲೆ ತಿರುಗುತ್ತಿದ್ದ ಪ್ಲೇಟಿನ ಕಡೆ ಬಗ್ಗಿ ನೋಡಿದಳು. ಪ್ಲೇಟಿನ ಒಂದು ಕಡೆ ಉಬ್ಬಿತ್ತು. ಆ ಉಬ್ಬು ಮುಳ್ಳಿನ ಕೆಳಗೆ ಹಾದುಹೋದಾಗಲೆಲ್ಲ ಬಟ್ಟಲು ಒಮ್ಮೆ ಜೋರಾಗಿ ಮುಂದೆ ನುಗ್ಗಿ, ಆಮೇಲೆ ತಾನಾಗಿಯೇ ಎರಡು ಮೂರು ಸಲ ತೂಗುತ್ತಿತ್ತು.

"ಉಬ್ಬು ಒಂದೇ ಕಿತಾ ಬತ್ತೈತೆ. ಇದು ಮಾತ್ರ ಮೂರ್ನಾಕು ಕಿತಾ ಆಡ್ತೈತೆ. ನೋಡು."

ಇಷ್ಟು ದಿನ ಕಿವಿಯಿದ್ದವನು ನಾನೊಬ್ಬನೇ ಕೂತು ಕೇಳಿದ್ದೆ. ಇದು ಕಿವಿಗೆ ಸಿಗುವ ವಿಷಯವಾಗಿರಲಿಲ್ಲ.

ಮರುದಿನದಿಂದ ನಮ್ಮಿಬ್ಬರಿಗೂ ಅದೇ ಯೋಚನೆಯಾಯಿತು. ಕೊರಟಗೆರೆಯ ಬಸ್ಸಿನಲ್ಲಿ ಹೋಗುತ್ತಾ ಬರುತ್ತಾ ಮೊಬೈಲಿನಲ್ಲಿ ಓದಿದೆ. ಮುಳ್ಳು ಹಗುರವಾಗಿದೆ, ಅದನ್ನು ಪ್ಲೇಟಿಗೆ ಒತ್ತಬೇಕು ಎಂದು ಯಾರೋ ಬರೆದಿದ್ದರು. ಮನೆಗೆ ಬಂದವನೇ ತೋಳಿನ ತಲೆಯ ಮೇಲೆ ಒಂದು ರೂಪಾಯಿ ನಾಣ್ಯ ಅಂಟಿಸಿ, ತೋಳಿನ ಹಿಂದಿರುವ ತೂಕವನ್ನು ಸರಿಹೊಂದಿಸಿ ಹಾಕಿದೆ. ಬಟ್ಟಲು ಇನ್ನೂ ಹೆಚ್ಚು ತೂಗಿತು, ಮೊದಲಿಗಿಂತ ನಿಧಾನವಾಗಿ. ಅಕ್ಕ ಅಂಗೈಯಿಟ್ಟು ನೋಡಿ, "ಇದು ಸರೀಗಿಲ್ಲ, ತೆಗಿ" ಎಂದಳು. ತೆಗೆದೆ. ಆದರೆ ಭಾರ ಹೆಚ್ಚಾದರೆ ತೂಗಾಟ ಯಾಕೆ ನಿಧಾನವಾಗಬೇಕು ಎಂಬುದು ತಲೆಯಲ್ಲಿ ಉಳಿಯಿತು.

ಬೇರೊಂದು ಕಡೆ ಓದಿದ್ದು ಹೀಗಿತ್ತು: ತೋಳು ಭಾರವಾಗಿದ್ದರೆ ಮುಳ್ಳಿನ ಹಿಡಿತ ಬಿಗಿಯಾಗಿರಬೇಕು, ತೋಳು ಹಗುರವಾಗಿದ್ದರೆ ಸಡಿಲವಾಗಿರಬಹುದು, ಎರಡೂ ಹೊಂದದಿದ್ದರೆ ತೋಳು ತನ್ನಷ್ಟಕ್ಕೆ ತಾನೇ ತೂಗುತ್ತದೆ. ವಾಕ್ಯ ಅರ್ಥವಾಯಿತು. ಕಾರಣ ಅರ್ಥವಾಗಲಿಲ್ಲ. ಅಕ್ಕನ ಎದುರು ನಿಂತು ಅದನ್ನೇ ಹೇಳಿದೆ. ಮುಳ್ಳು ಒಂದು ಸಣ್ಣ ರಬ್ಬರಿನ ಮೇಲೆ ನಿಂತಿರುತ್ತದೆ, ಇಡೀ ತೋಳು ಆ ರಬ್ಬರಿನ ಮೇಲೆ ಕೂತಿರುತ್ತದೆ ಎಂದೂ ಹೇಳಿದೆ.

"ರಬ್ಬರಾ? ಲಾಸ್ಟಿಕ್ ಇದ್ದಂಗಾ?"

"ಹಂಗೇ ಅನ್ಕೋ."

ನಾನು ಸುಮ್ಮನೆ ಕೇಳಿದೆ, ಲಾಸ್ಟಿಕ್ಕಿಗೆ ಏನಾದರೂ ಕಟ್ಟಿ ತೂಗಿ ನೋಡೋಣವೇ ಎಂದು. ಅಕ್ಕ ಮಕ್ಕಳ ಫ್ರಾಕಿಗೆ ಹಾಕುವ ಸಣ್ಣ ಎಲಾಸ್ಟಿಕ್ಕನ್ನು ಕತ್ತರಿಸಿ, ಅದರ ತುದಿಗೆ ಬಟ್ಟೆ ಕತ್ತರಿಸುವ ತನ್ನ ದೊಡ್ಡ ಕತ್ತರಿಯನ್ನು ಕಟ್ಟಿ ಇಳಿಬಿಟ್ಟಳು. ಕತ್ತರಿ ಸಾವಕಾಶವಾಗಿ ಮೇಲೆ ಕೆಳಗೆ ತೂಗಿತು. ಕತ್ತರಿ ಬಿಚ್ಚಿ ನೂಲುಂಡೆ ಕಟ್ಟಿದಳು. ನೂಲುಂಡೆ ಪಟಪಟ ಅಲುಗಿ ನಿಂತುಬಿಟ್ಟಿತು. ಆಮೇಲೆ ಪ್ಯಾಂಟಿನ ಸೊಂಟಕ್ಕೆ ಹಾಕುವ ಅಗಲವಾದ ಗಟ್ಟಿ ಎಲಾಸ್ಟಿಕ್ ತೆಗೆದು ಅದಕ್ಕೆ ಮತ್ತೆ ಕತ್ತರಿ ಕಟ್ಟಿದಳು. ಈಗ ಅದೇ ಕತ್ತರಿ ಬೇಗ ಬೇಗ ತೂಗಿತು.

"ಈಗ ಕೈ ಆಡ್ಸು," ಎಂದೆ.

ಮೊದಲಿನ ಸಡಿಲ ಎಲಾಸ್ಟಿಕ್ಕಿನಲ್ಲಿ ಕತ್ತರಿಯನ್ನು ಕಟ್ಟಿಕೊಂಡು ಕೈಯನ್ನು ಸ್ವಲ್ಪವೇ ಮೇಲೆ ಕೆಳಗೆ ಆಡಿಸಿದಳು. ಒಂದು ಲಯಕ್ಕೆ ಬಂದದ್ದೇ ತಡ, ಕತ್ತರಿ ಹುಚ್ಚು ಹಿಡಿದಂತೆ ಎಗರತೊಡಗಿತು. ನಾನು ಹಿಂದೆ ಸರಿದೆ. ಗಟ್ಟಿ ಎಲಾಸ್ಟಿಕ್ಕಿನಲ್ಲಿ ಅಷ್ಟೇ ನಿಧಾನವಾಗಿ ಆಡಿಸಿದಾಗ ಕತ್ತರಿ ಅವಳ ಕೈ ಹೋದಲ್ಲಿಗೆ ಹೋಯಿತು, ಕೈ ಬಂದಲ್ಲಿಗೆ ಬಂತು, ಅಷ್ಟೇ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕತ್ತರಿಯೇ ನಮ್ಮ ಭಾರದ ತೋಳು. ಸಡಿಲ ಎಲಾಸ್ಟಿಕ್ಕು ನಾನು ತರಿಸಿದ ಮೃದುವಾದ ಮುಳ್ಳು. ಅಕ್ಕನ ಕೈ ಎಂದರೆ ಸೊಟ್ಟ ಪ್ಲೇಟಿನ ಉಬ್ಬುತಗ್ಗು. ಆ ನಿಧಾನದ ಅಲುಗಾಟಕ್ಕೂ ತೋಳು ತಾನಾಗಿ ತೂಗುವ ಲಯಕ್ಕೂ ಸರಿಹೊಂದಿಬಿಟ್ಟಿತ್ತು. ಹೊಂದಬಾರದ ಕಡೆ ಹೊಂದಿಕೆಯಾಗಿತ್ತು. ಬಿಗಿಯಾದ ಮುಳ್ಳಿದ್ದರೆ ತೋಳಿನ ತೂಗಾಟ ಬೇಗವಾಗುತ್ತದೆ, ಪ್ಲೇಟಿನ ಉಬ್ಬಿಗೆ ಅದು ಸಿಗುವುದಿಲ್ಲ. ತೀರಾ ಬೇಗವಾದರೂ ಕಷ್ಟ, ಹಾಡಿನ ತಗ್ಗಿನ ದನಿಗಳೊಳಗೆ ಕೈಹಾಕುತ್ತದೆ ಎಂದು ಓದಿದ್ದೆ. ಉಬ್ಬಿನ ಲಯಕ್ಕಿಂತ ಬೇಗ, ಹಾಡಿನ ಅಲುಗಾಟಕ್ಕಿಂತ ನಿಧಾನ, ನಡುವೆ ಒಂದು ಜಾಗವಿದೆ. ಅಲ್ಲಿ ನಿಲ್ಲಿಸಬೇಕು.

"ನಂದು ತುಳಿಯೋ ಮೆಷಿನ್ನೂ ಇದೇ ಲೆಕ್ಕ ಕಣ್ಲಾ," ಎಂದಳು ಅಕ್ಕ. "ಅದ್ಕೇ ನಾನು ತುಳಿದ್ರೆ ಎಗರ್ತಿತ್ತು."

ಶಿರಾದ ಸ್ನೇಹಿತನಿಗೆ ಫೋನು ಮಾಡಿ ಗಟ್ಟಿ ಮುಳ್ಳಿನ ಹಳೆಯ ಕಾರ್ಟ್ರಿಡ್ಜ್ ಎಲ್ಲಾದರೂ ಸಿಕ್ಕೀತೇ ಎಂದು ಕೇಳಿದೆ. ಅವನು ನಕ್ಕ. "ಪೂರಾ ಇಂಜಿನಿಯರ್ ಆಗ್ಬುಟ್ಟೆ ಬಿಡು. ಪಾವಗಡದಲ್ಲಿ ಒಬ್ರು ಹಾರ್ಡ್‌ವೇರ್ ಅಂಗಡಿಯೋರಿದಾರೆ. ನಮ್ಮ ಅಬ್ಬಾ ಹತ್ರ ಪ್ಲೇಟು ತಗೊಂಡ್ ಹೋಗೋರು. ಇಂಥ ಶೋಕಿ ಅವರಿಗೊಬ್ರಿಗೇ. ಹೋಗಿ ನೋಡು."

ಹೋಗುವಾಗ ಅಕ್ಕ ತಾನೂ ಬರುತ್ತೇನೆಂದಳು. ಬೇರೆಯವರ ಸ್ಪೀಕರು ಉಸಿರಾಡುತ್ತದೋ ಇಲ್ಲವೋ ನೋಡಬೇಕಂತೆ. ನಮ್ಮ ಪ್ಲೇಯರಿನ ತಲೆಯನ್ನು ತಿರುಗಿಸಿ ಬಿಚ್ಚಿ, ಕಾರ್ಟ್ರಿಡ್ಜ್ ಸಮೇತ ಅವಳ ಗುಂಡಿಗಳ ಡಬ್ಬಿಯಂಥದೇ ಇನ್ನೊಂದು ಡಬ್ಬಿಯಲ್ಲಿ ಹತ್ತಿ ಸುತ್ತಿ ಇಟ್ಟುಕೊಂಡೆವು. ಪಾವಗಡದ ಬಸ್ಸಿನಲ್ಲಿ ಜನ ಕಡಿಮೆಯಿತ್ತು. ಹಂಪು ಸಿಕ್ಕಿದಾಗಲೆಲ್ಲ ಅಕ್ಕ ನನ್ನನ್ನು ಮೊಣಕೈಯಿಂದ ತಿವಿದು, ಬಸ್ಸು ಎಷ್ಟು ಸಲ ತೂಗಿತೆಂದು ಕಣ್ಣಲ್ಲೇ ಕೇಳುತ್ತಿದ್ದಳು.

ಹಾರ್ಡ್‌ವೇರ್ ಅಂಗಡಿಯವರಿಗೆ ಎಪ್ಪತ್ತರ ಆಸುಪಾಸು. ಅಂಗಡಿಯನ್ನು ಮಗನಿಗೆ ಒಪ್ಪಿಸಿ ನಮ್ಮನ್ನು ಹಿಂದಿನ ಮನೆಗೆ ಕರೆದುಕೊಂಡು ಹೋದರು. ಪಾವಗಡದ ಕಡೆಯವರಂತೆ ಅವರ ಕನ್ನಡದಲ್ಲೂ ತೆಲುಗು ಬೆರೆತಿತ್ತು.

"ಬನ್ನಿ ಮೇಷ್ಟ್ರೇ, ಬಾಮ್ಮಾ. ಕೂತ್ಕಳಿ. ಪ್ಲೇಟು ಕೇಳೋರು ಬಂದು ಎಷ್ಟು ದಿನ ಆಯ್ತು ನಮ್ಮನೇಗೆ."

ಅವರದೂ ನಮ್ಮದರಂಥದೇ ಭಾರದ ತೋಳು. ಕಾರ್ಟ್ರಿಡ್ಜ್ ಮಾತ್ರ ದಪ್ಪಗೆ, ಹಳೆಯದು. ನಾನು ನಮ್ಮ ಕಥೆಯನ್ನೆಲ್ಲ ಹೇಳಿದೆ. ಅವರು ತಲೆಯಾಡಿಸುತ್ತಾ ಕೇಳಿದರು.

"ಅದೇನಂಟೇ, ಭಾರಿ ತೋಳಿಗೆ ಗಟ್ಟಿ ಮುಳ್ಳೇ ಬೇಕು ಅಂತ ನಮ್ಮ ನಾಯ್ನ, ನಮ್ಮಪ್ಪ, ಹೇಳ್ತಾ ಇದ್ರು. ಯಾಕೆ ಅಂತ ನಾನೂ ಕೇಳ್ಲಿಲ್ಲ, ಆಯಪ್ಪನೂ ಹೇಳ್ಲಿಲ್ಲ. ಸ್ಪೀಕರು ಉಸಿರಾಡೋದು ಮಾತ್ರ ನಾನು ನೋಡಿಲ್ಲಮ್ಮಾ."

"ಮುಂದ್ಗಡೆ ಬಟ್ಟೆ ಐತಲ್ಲ, ಹೆಂಗೆ ಕಾಣ್ತೈತೆ?" ಎಂದಳು ಅಕ್ಕ.

ಅವರು ಬಟ್ಟೆಯ ಚೌಕಟ್ಟು ತೆಗೆದರು. ನಾವು ತಂದಿದ್ದ ಶಹನಾಯಿಯ ಸೊಟ್ಟ ಪ್ಲೇಟನ್ನು ಅವರ ಯಂತ್ರದಲ್ಲಿ ಹಾಕಿದೆವು. ಅಕ್ಕ ಅಂಗೈ ಹಿಡಿದಳು. ಬಟ್ಟಲು ಹೆಚ್ಚುಕಡಿಮೆ ನಿಂತೇ ಇತ್ತು. ಪ್ಲೇಟಿನ ಉಬ್ಬು ಬಂದಾಗ ತೋಳು ಎದ್ದು ಇಳಿಯುತ್ತಿತ್ತು, ಆದರೆ ತೂಗುತ್ತಿರಲಿಲ್ಲ. ಆಮೇಲೆ ಅವರ ತಲೆ ಬಿಚ್ಚಿ ನಮ್ಮ ತಲೆ ಸಿಕ್ಕಿಸಿದೆವು. ತೋಳಿನ ಹಿಂದಿನ ತೂಕವನ್ನು ಅವರೇ ಹಿಂದೆ ಮುಂದೆ ಮಾಡಿ ಸರಿಹೊಂದಿಸಿದರು. ಮುಳ್ಳು ಇಳಿಸಿದ ಕೂಡಲೇ ಅವರ ಸ್ಪೀಕರೂ ಉಸಿರಾಡತೊಡಗಿತು. ಅವರು ಕನ್ನಡಕ ಸರಿಮಾಡಿಕೊಂಡು ಅದರ ಮುಂದೆಯೇ ನೆಲದ ಮೇಲೆ ಕೂತುಬಿಟ್ಟರು.

"ಚೂಡಂಡಿ, ನೋಡಿ," ಎಂದರು ಮೆಲ್ಲಗೆ. "ಇಷ್ಟು ವರ್ಷ ಮನೇಲಿಟ್ಟಿದೀನಿ, ಇದನ್ನ ನೋಡಲೇ ಇಲ್ಲ." ಮತ್ತೆ ತಮ್ಮ ತಲೆ ಹಾಕಿದರು, ನೋಡಿದರು. ಮತ್ತೆ ನಮ್ಮದು. ಅವರ ಹೆಂಡತಿ ಕಾಫಿ ತಂದಿಟ್ಟು, ಮೂವರೂ ಸ್ಪೀಕರಿನ ಮುಂದೆ ಕೂತಿದ್ದನ್ನು ನೋಡಿ ಏನೂ ಕೇಳದೆ ಒಳಗೆ ಹೋದರು. ಕಾಫಿ ಆರಿತು.

ಬೀರುವಿನಲ್ಲಿ ಅವರ ಬಳಿ ಅಂಥದೇ ಗಟ್ಟಿ ಕಾರ್ಟ್ರಿಡ್ಜ್ ಇನ್ನೊಂದಿತ್ತು, ಯಾವ ತಲೆಗೂ ಕೂರಿಸದೆ ಹಾಗೇ ಇಟ್ಟದ್ದು. ಅದನ್ನು ಅಕ್ಕನ ಕೈಗೆ ಕೊಟ್ಟು, "ತಗೊಂಡ್ ಹೋಗಮ್ಮಾ. ನನಗೆ ಒಂದು ಸಾಕು" ಎಂದರು. ಅಕ್ಕ ಬೇಡವೆನ್ನಲಿಲ್ಲ. ಚೀಲದಿಂದ ಟೇಪು ತೆಗೆದು ಅವರ ಸ್ಪೀಕರಿನ ಚೌಕಟ್ಟನ್ನು ಅಳೆದುಕೊಂಡಳು. ಅವರ ಬಟ್ಟೆಯೂ ಸವೆದು ಬಣ್ಣ ಹೋಗಿತ್ತು.

ಹೊಸ ಕಾರ್ಟ್ರಿಡ್ಜಿಗೆ ಬೇರೊಂದು ತಲೆ ತರಿಸಿ ಕೂರಿಸಿದ ಕೆಲಸ ಪೂರ್ತಿ ಅಕ್ಕನದು. ಎಳ್ಳಿನಷ್ಟು ತಿರುಪುಗಳು, ಕೂದಲಿಗಿಂತ ತುಸು ದಪ್ಪನೆಯ ನಾಲ್ಕು ತಂತಿಗಳು: ಬಿಳಿ, ಕೆಂಪು, ನೀಲಿ, ಹಸಿರು. ನಾನು ಬ್ಯಾಟರಿ ಹಿಡಿದು ಯಾವ ಬಣ್ಣ ಎಲ್ಲಿಗೆ ಎಂದು ಬೆರಳಿನಿಂದ ತೋರಿಸುತ್ತಿದ್ದೆ, ಅವಳು ಚಿಮಟದಲ್ಲಿ ಹಿಡಿದು ಸಿಕ್ಕಿಸುತ್ತಿದ್ದಳು. ಮೊದಲ ಸಲ ಹಾಕಿದಾಗ ಎಡಗಡೆಯ ಸ್ಪೀಕರಿನಲ್ಲಿ ಗುಂಯ್ ಎಂಬ ಸದ್ದು ಬಿಟ್ಟು ಬೇರೇನೂ ಬರಲಿಲ್ಲ. ನೀಲಿ ತಂತಿ ಸಡಿಲವಾಗಿತ್ತು. ಬಿಚ್ಚಿ ಮತ್ತೆ ಸಿಕ್ಕಿಸಿದಳು. ಹೊಸ ಡಬ್ಬಿ ಹಳೆಯದಕ್ಕಿಂತ ಭಾರ, ಮುಳ್ಳು ಕೇಳುವ ಒತ್ತಡವೂ ಹೆಚ್ಚು. ಹಾಗಾಗಿ ಹಿಂದಿನ ತೂಕವನ್ನು ಪುನಃ ಹೊಂದಿಸಬೇಕಾಯಿತು.

ಆಮೇಲೆ ಶಹನಾಯಿ ಹಾಕಿದೆ. ಬಟ್ಟಲು ನಿಂತಿತ್ತು. ತೋಳು ಉಬ್ಬನ್ನು ಹತ್ತಿ ಇಳಿಯುತ್ತಿತ್ತು, ಅಷ್ಟೇ. ಜೊತೆಯ ಡೋಲಿನ ದನಿ ಮೊದಲು ಮಂಕಾಗಿತ್ತು, ಈಗ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಿಸಿತು. ಮೊದಲು ನಾನು ಕೇಳುತ್ತಿದ್ದದ್ದರಲ್ಲಿ ಏನೋ ತಪ್ಪಿತ್ತೆಂದು ಆಗ ಮಾತ್ರ ಗೊತ್ತಾಯಿತು. ಅಕ್ಕ ಹೋಗಿ ಮೆಷಿನ್ನಿನ ಮುಂದೆ ಕೂತು ಬೇಕೆಂದೇ ಜೋರಾಗಿ ತುಳಿದಳು. ಮುಳ್ಳು ಜಗ್ಗಲಿಲ್ಲ. ಅವಳು ತುಳಿಯುತ್ತಲೇ ಇದ್ದಳು, ನಾನು ಕೇಳುತ್ತಲೇ ಇದ್ದೆ. ಆ ಕೋಣೆಯಲ್ಲಿ ಎರಡೂ ಒಟ್ಟಿಗೆ ನಡೆದದ್ದು ಅದೇ ಮೊದಲು.

ಪ್ಲೇಟು ಮುಗಿಯುವ ಹೊತ್ತಿಗೆ ಎದ್ದುಬಂದು ಅಂಗೈ ಹಿಡಿದಳು. ಡೋಲಿನ ಪೆಟ್ಟುಗಳು ಅವಳಿಗೆ ಸಿಗುತ್ತಿದ್ದವು, ಬೆರಳು ಆಡಿಸುತ್ತಿದ್ದಳು. ಆದರೂ ಮುಖದಲ್ಲಿ ಏನೋ ಕಡಿಮೆಯಾದಂತಿತ್ತು.

"ಯಾಕೆ, ಸರಿಯಾಗಿಲ್ವಾ?" ಎಂದು ಕೇಳಿದೆ.

"ಸರಿಯಾಗೈತೆ. ಈಗ ಹಾಡು ಮಾತ್ರ ಬತ್ತೈತೆ." ಅಂಗೈ ಹಿಂದಕ್ಕೆ ತೆಗೆದುಕೊಂಡು ಹೇಳಿದಳು, "ಮೊದ್ಲು ಪ್ಲೇಟೂ ಬತ್ತಿತ್ತು. ಹಾಡು ನಿಂಗೆ ಕೇಳ್ತೈತೆ. ನಂಗೆ ಸಿಕ್ತಿದ್ದುದು ಆ ಪ್ಲೇಟೇ ಅಲ್ವಾ?"

ನಾನು ಹೋಗಿ ತಲೆಯನ್ನು ತಿರುಗಿಸಿ ಬಿಚ್ಚಿದೆ, ಹಳೆಯ ಮೆತ್ತನೆಯ ಮುಳ್ಳಿನ ತಲೆಯನ್ನು ಸಿಕ್ಕಿಸಿದೆ, ತೂಕ ಹೊಂದಿಸಿದೆ. ದನಿ ಪೂರ್ತಿ ಇಳಿಸದೆ, ಸ್ಪೀಕರಿಗೆ ಏಟಾಗದಷ್ಟು ಮಾತ್ರ ಇಟ್ಟೆ. ಬಟ್ಟಲು ಉಸಿರಾಡತೊಡಗಿತು. ಅಕ್ಕ ಕುರ್ಚಿ ಎಳೆದುಕೊಂಡು ಕೂತಳು.

ಈಗ ನಮ್ಮಲ್ಲಿ ಎರಡು ತಲೆಗಳಿವೆ. ಒಂದು ನನಗೆ, ಒಂದು ಅವಳಿಗೆ. ಬದಲಾಯಿಸಲು ಹೆಚ್ಚು ಹೊತ್ತು ಬೇಡ. ಅವಳು ಕೆಲಸ ಮಾಡುವಾಗ ನನ್ನದು, ಕೆಲಸ ಬಿಟ್ಟು ಕೂತಾಗ ಅವಳದು. ಸ್ಪೀಕರಿನ ಬಟ್ಟೆಯನ್ನು ಹೊಲಿದದ್ದಾಯಿತು, ಪಾವಗಡಕ್ಕೆ ಒಂದು ಜೊತೆ ಕಳಿಸಿದ್ದೂ ಆಯಿತು. ನಮ್ಮದನ್ನು ಮಾತ್ರ ಅವಳು ಹಾಕಗೊಡುವುದಿಲ್ಲ.

ಕಳೆದ ತಿಂಗಳು ಶಿರಾದ ಸ್ನೇಹಿತ ಬಂದಿದ್ದ. ಅಕ್ಕ ಕಣ್ಣು ಮುಚ್ಚಿ ಕೂತು, ಅವನ ತಂದೆಯ ಪ್ಲೇಟುಗಳನ್ನು ಒಂದೊಂದಾಗಿ ಹಾಕಿಸಿ ಗುರುತು ಹಿಡಿದು ತೋರಿಸಿದಳು. ಪ್ರತಿಯೊಂದು ಪ್ಲೇಟೂ ಅದರದೇ ರೀತಿಯಲ್ಲಿ ಸೊಟ್ಟಗಾಗಿದೆಯಂತೆ. ಒಂದಕ್ಕೆ ಒಂದೇ ಉಬ್ಬು, ಇನ್ನೊಂದಕ್ಕೆ ಒಂದು ದೊಡ್ಡದು, ಹಿಂದೆಯೇ ಒಂದು ಸಣ್ಣದು. ಕವ್ವಾಲಿಯ ಪ್ಲೇಟೊಂದು ಬಂದಾಗ ಬಟ್ಟಲಿನ ಮುಂದೆ ಅಂಗೈ ಹಿಡಿದು, "ಇದು ಸಪಾಟಾಗೈತೆ. ಇದನ್ನ ಗೋಡೌನಲ್ಲಿ ಇಟ್ಟಿರ್ಲಿಲ್ಲ" ಎಂದಳು.

"ಹೌದಕ್ಕಾ. ಅದು ಅಬ್ಬಾ ಮಲಗೋ ರೂಮಲ್ಲಿ ಇತ್ತು" ಎಂದ. ಆಮೇಲೆ ಸೊಟ್ಟ ಪ್ಲೇಟೊಂದನ್ನು ಹಾಕಿಸಿ ತಾನೂ ಅಂಗೈ ಹಿಡಿದು ನೋಡಿದ. ಏನೂ ತಿಳಿಯುತ್ತಿಲ್ಲ ಎಂದ. ಅಕ್ಕ ಅವನ ಕೈಯನ್ನು ಹಿಡಿದು ಇನ್ನೂ ಸ್ವಲ್ಪ ಹತ್ತಿರಕ್ಕೆ ತಂದಳು, ಬೆರಳುಗಳನ್ನು ಅಗಲಿಸಿದಳು.

"ಈಗ?"

"ಈಗ ಗಾಳಿ ಬರ್ತಿದೆ," ಎಂದ.

ಮೊನ್ನೆಯಿಂದ ಅವಳಿಗೆ ಹೊಸ ಪ್ರಶ್ನೆಯೊಂದು ಹುಟ್ಟಿದೆ. ಪ್ಲೇಟಿನ ಅಂಚಿನಲ್ಲಿ ಉಸಿರು ಜೋರು, ಒಳಗೆ ಹೋದಂತೆ ಸಣ್ಣದಾಗುತ್ತದೆ. ಅಂಚೇ ಹೆಚ್ಚು ಬಾಗಿರುವುದರಿಂದ ಹಾಗಾಗುತ್ತದೆ ಎಂದೆ. ಒಪ್ಪಿದಳು. ಆದರೆ ಒಂದು ಪ್ಲೇಟಿನಲ್ಲಿ ಮಾತ್ರ ಒಳಗೆ ಹೋದಂತೆ ಜೋರಾಗುತ್ತದೆಯಂತೆ. ಅದು ಯಾಕೆಂದು ನನಗೆ ಗೊತ್ತಿಲ್ಲ. ಈ ಭಾನುವಾರ ಆ ಪ್ಲೇಟನ್ನು ಗಾಜಿನ ಮೇಲಿಟ್ಟು, ಎಲ್ಲಿ ಬಾಗಿದೆಯೆಂದು ಬಗ್ಗಿ ನೋಡುವುದೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ.